ಅದೇ ಧ್ವನಿ, ಭಾಗ ಎರಡು

ಮಾರ್ಚ್ 4, ಮಂಗಳವಾರ

ಆರನೇ ರೀಲ್ ಮುಗಿಯಿತು. ಇವತ್ತು ನಲವತ್ತೊಂದು ಸಾಲು. ಅದರಲ್ಲಿ ಹದಿನೇಳು ಕ್ಯಾಪ್ಟನ್‌ಳವು.

ಈ ಸಲ ವಿದೇಶದ ಸಿನಿಮಾ ಕಂಪನಿಯವರು ಚಿತ್ರವನ್ನು ಚಿತ್ರವಾಗಿ ಕಳಿಸಿಲ್ಲ. ಪರದೆ ತುಂಬ ಕಪ್ಪು. ಮಾತಾಡುವವರ ಬಾಯಿ ಮಾತ್ರ ಸಣ್ಣ ವೃತ್ತದೊಳಗೆ ಕಾಣುತ್ತದೆ. ಕಥೆ ಸೋರಬಾರದಂತೆ. ಹಡಗು ಎಲ್ಲಿದೆ, ಯಾರು ಸತ್ತರು, ಯಾರು ಉಳಿದರು, ಒಂದೂ ತಿಳಿಯದು. ತುಟಿ ಮುಚ್ಚಿದ ಕಡೆ ಪ, ಬ, ಮ ಹುಡುಕಿ ಕೂರಿಸಬೇಕು. ತೆರೆದ ಕಡೆ ಆ, ಓ. ಹದಿನೆಂಟು ವರ್ಷದಿಂದ ಡಬ್ಬಿಂಗ್‌ನ ಇದೇ ಕೆಲಸ. ಬೇರೆಯವರ ಬಾಯಿಗೆ ನಮ್ಮ ಮಾತು ಹೊಲಿಯುವ ದರ್ಜಿ ಎಂದು ಭಾವ ರೇಗಿಸುತ್ತಾರೆ. ಅಳತೆ ತಪ್ಪಿದರೆ ಥಿಯೇಟರಿನಲ್ಲಿ ಜನ ನಗುತ್ತಾರೆ, ಅಷ್ಟೇ.

'ಉಪ್ಪುಗ್ರಹ' ಮೊದಲ ಭಾಗ ಬಂದು ಹನ್ನೊಂದು ವರ್ಷ. ಉಪ್ಪಿನ ಬಯಲಿನಲ್ಲಿ ಇಳಿದು ಸಿಕ್ಕಿಬಿದ್ದ ಬಾಹ್ಯಾಕಾಶದ ಹಡಗು, ಅದರ ಕ್ಯಾಪ್ಟನ್ ಒಬ್ಬ ಹೆಂಗಸು. ಲೋಕವೆಲ್ಲ ನೋಡಿತು. ನಮ್ಮ ಭಾಷೆಯಲ್ಲಿ ಅವಳಿಗೆ ಧ್ವನಿ ಕೊಟ್ಟವಳು ನನ್ನ ಅಕ್ಕ. ಮಾತು ಬರೆದವಳು ನಾನು. ಈಗ ಎರಡನೆಯದು. ಆಮೇಲೆ ಮೂರು, ನಾಲ್ಕು, ಐದು. ಎಲ್ಲಕ್ಕೂ ಕಂಪನಿ ತಾರೀಖು ಕೊಟ್ಟಿದೆ.

ಕ್ಯಾಪ್ಟನ್‌ಳ ಬಾಯಿಯ ಎರಡೂ ಮೂಲೆಗೆ ಗೆರೆ ಬಂದಿದೆ. ನಟಿಗೂ ವಯಸ್ಸಾಯಿತು.

ಮಾರ್ಚ್ 6, ಗುರುವಾರ, ಬೆಳಿಗ್ಗೆ 7.10

ಅಡುಗೆಮನೆಯಿಂದ ಗುಳುಗುಳು ಸದ್ದು. ಅಕ್ಕ ಲೋಟದ ನೀರಿಗೆ ಸ್ಟ್ರಾ ಹಾಕಿ, ಊದುತ್ತಾ ಹಮ್ ಮಾಡುತ್ತಿದ್ದಾಳೆ. ಹತ್ತು ನಿಮಿಷ, ದಿನಕ್ಕೆ ಐದು ಸಲ. ಗಂಟಲಿನ ಗಂಟು ತೆಗೆಸಿ ಹತ್ತು ತಿಂಗಳಾಯಿತು. ಗಂಟು ಕೆಟ್ಟದ್ದಲ್ಲ, ಆಪರೇಷನ್ನೂ ಚೆನ್ನಾಗಿಯೇ ಆಯಿತು. ಧ್ವನಿಯ ನರ ಮಾತ್ರ ಸೋತಿದೆ. ಒಂದೂವರೆ ವರ್ಷದವರೆಗೂ ಸುಧಾರಿಸುವ ಅವಕಾಶ ಇದೆ, ಆದರೆ ಒಂದು ದಿನವೂ ತಪ್ಪಿಸಬೇಡಿ ಎಂದಿದ್ದಾರೆ ಸ್ಪೀಚ್ ಥೆರಪಿಸ್ಟ್. ಅಕ್ಕ ತಪ್ಪಿಸಿಲ್ಲ. ಜ್ವರ ಬಂದಾಗಲೂ.

ಭಾವ ಫ್ರಿಜ್ ಬಾಗಿಲಿಗೆ ಹಚ್ಚಿದ ಪಟ್ಟಿಯನ್ನು ಇವತ್ತು ಮತ್ತೆ ತಿದ್ದಿದರು. ಭಾಗ ಎರಡು, ಈ ಜೂನ್. ಮೂರು, ಇನ್ನೆರಡು ವರ್ಷಕ್ಕೆ. ನಾಲ್ಕು, ಆಮೇಲೆ ಮೂರು ವರ್ಷಕ್ಕೆ. ಐದರ ಎದುರು ತಮ್ಮ ವಯಸ್ಸು ಬರೆದುಕೊಂಡಿದ್ದಾರೆ — 73. ಕೆಳಗೆ ಅವರ ಕನ್ನಡಕದ ಅಂಗಡಿ. ಗಿರಾಕಿ ಕಣ್ಣು ಪರೀಕ್ಷೆಗೆ ಕೂತರೆ ಅಕ್ಷರ ಓದಿಸುವ ಮೊದಲು, ಕ್ಯಾಪ್ಟನ್ ನಮ್ಮನೆಯವಳು ಎಂದು ಹೇಳಿಯೇ ಹೇಳುತ್ತಾರೆ.

ನನ್ನ ಮದುವೆ ಮುರಿದ ವರ್ಷ ನಾಲ್ಕು ದಿನಕ್ಕೆಂದು ಇವರ ಮನೆಗೆ ಬಂದವಳು. ಹದಿನಾರು ವರ್ಷವಾಯಿತು. ಒಂದು ದಿನವೂ ಯಾವಾಗ ಹೋಗುತ್ತೀ ಎಂದು ಇಬ್ಬರೂ ಕೇಳಿಲ್ಲ.

ಮಾರ್ಚ್ 11, ಮಂಗಳವಾರ

ಡಬ್ಬಿಂಗ್ ಡೈರೆಕ್ಟರ್ ಕರೆದರು. ಸದಾ ಕೈಗಡಿಯಾರ ನೋಡುವುದರಿಂದ ನಮಗೆಲ್ಲ ಅವರು 'ಗಡಿಯಾರ'. ಕಂಪನಿಯ ಪತ್ರ ಬಂದಿದೆ. ಐದೂ ಭಾಗಕ್ಕೆ ಕ್ಯಾಪ್ಟನ್‌ಳ ಧ್ವನಿ ಒಂದೇ ಇರಬೇಕು. ಹದಿನೈದರೊಳಗೆ ಪರೀಕ್ಷೆಯ ಧ್ವನಿ ಕಳಿಸಬೇಕು. ಹೊಂದದಿದ್ದರೆ ಬೇರೆ ಸ್ಟುಡಿಯೋ ನೋಡಿಕೊಳ್ಳುತ್ತಾರೆ, ಸರಣಿಯೂ ಅಲ್ಲಿಗೇ ಹೋಗುತ್ತದೆ. ಸ್ಟುಡಿಯೋದಲ್ಲಿ ನಾವು ಒಂಬತ್ತು ಜನ. ಆರೇಳು ವರ್ಷದ ಕೆಲಸ.

ಅಕ್ಕನ ಗಂಟಲು ಹೇಗಿದೆ ಎಂದು ಕೇಳಿದರು. ಬರುತ್ತಿದೆ ಎಂದೆ. ಸುಳ್ಳಲ್ಲ. ನಿಜವೂ ಅಲ್ಲ.

ಮಧ್ಯಾಹ್ನ ಅಳತೆಗೆಂದು ಸಾಲುಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದೆ. ಇದು ಕಚ್ಚಾ ಧ್ವನಿ. ಮಾತು ತುಟಿಗೆ ಕೂರುತ್ತದೋ ಇಲ್ಲವೋ ನೋಡಿ ಅಳಿಸಿಬಿಡುವುದು. ಯಾವಾಗಲೂ ಸಪ್ಪೆಯಾಗಿ ಓದುತ್ತೇನೆ. ಇವತ್ತು ಬೇಸರವಾಗಿ ಒಂದು ಸಾಲನ್ನು ಅಕ್ಕನ ಹಾಗೆ ಹೇಳಿದೆ. ಸೌಂಡ್ ಇಂಜಿನಿಯರ್ ಹೆಡ್‌ಫೋನ್ ತೆಗೆದು ಬಾಗಿಲ ಕಡೆ ನೋಡಿದ, ಅಕ್ಕ ಬಂದಳೇನೋ ಎಂದು.

"ನಿಮ್ಮನೇಲಿ ಗಂಟಲೆಲ್ಲ ಒಂದೇ ಅಚ್ಚಲ್ಲಿ ಹೊಯ್ದಿದಾರಾ?" ಎಂದ.

ನಕ್ಕೆ. ಆ ಸಾಲನ್ನು ಅಳಿಸಲಿಲ್ಲ.

ಮಾರ್ಚ್ 14, ಶುಕ್ರವಾರ, ಸಂಜೆ 5

ಅಕ್ಕನ ಪರೀಕ್ಷೆ. ಇಂಜಿನಿಯರ್ ರಜೆ. ಗಡಿಯಾರ ಯಾವುದೋ ಜಾಹೀರಾತಿನ ಕೆಲಸಕ್ಕೆ ಹೊರಗೆ. ಸಣ್ಣ ಬೂತಿನಲ್ಲಿ ನಾನೇ ರೆಕಾರ್ಡ್ ಒತ್ತಿದೆ.

ಅಕ್ಕ ಇಸ್ತ್ರಿ ಮಾಡಿದ ನೀಲಿ ಬಟ್ಟೆ ಹಾಕಿಕೊಂಡು ಬಂದಿದ್ದಳು. ಕತ್ತಿಗೆ ಸ್ಕಾರ್ಫ್. ಎರಡು ತುಣುಕು ಕೊಟ್ಟೆ. ಒಂದು, ಹಡಗಿನವರಿಗೆ ಆಜ್ಞೆ. ಇನ್ನೊಂದು, ಸತ್ತುಹೋದ ಸಹಾಯಕನಿಗೆ ಅವಳು ರೇಡಿಯೋದಲ್ಲಿ ಮಾತಾಡುವುದು, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ.

ಆಜ್ಞೆ ಏಳಲೇ ಇಲ್ಲ. ಧ್ವನಿ ಕೆರೆಯುತ್ತದೆ, ಮೇಲೆ ಹತ್ತಲು ಹೋಗಿ ಜಾರುತ್ತದೆ. ರೇಡಿಯೋ ಮಾತಿನಲ್ಲಿ ಮಧ್ಯೆ ಉಸಿರೇ ಮುಗಿಯಿತು. ನಿಲ್ಲಿಸುತ್ತಾಳೆ ಎಂದುಕೊಂಡೆ. ನಿಲ್ಲಿಸಲಿಲ್ಲ. ತಡೆದಳು, ಉಸಿರು ತಂದುಕೊಂಡಳು, ಉಳಿದ ನಾಲ್ಕು ಪದವನ್ನು ಪಿಸುಮಾತಿಗಿಂತ ಸ್ವಲ್ಪ ಮೇಲೆ ಹೇಳಿ ಮುಗಿಸಿದಳು. ನಾನು ತಲೆ ತಗ್ಗಿಸಿ ಅಳತೆಯ ಹಾಳೆ ನೋಡುತ್ತಿದ್ದೆ.

ಹೇಗಿತ್ತು ಎಂದು ಗಾಜಿನಾಚೆಯಿಂದ ಕೈಸನ್ನೆ ಮಾಡಿದಳು. ಚೆನ್ನಾಗಿ ಬಂತು ಎಂದೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಂಬಿದಳು.

ಮಾರ್ಚ್ 15, ಶನಿವಾರ, ಮಧ್ಯಾಹ್ನ 1.30

ಕಳಿಸಿದೆ.

ಅಕ್ಕನ ಫೈಲ್ ಅಲ್ಲ. ಬೆಳಿಗ್ಗೆ ಎಂಟಕ್ಕೇ ಬಂದು, ಸಣ್ಣ ಬೂತಿನಲ್ಲಿ ಒಬ್ಬಳೇ ಕೂತು, ಎರಡೂ ತುಣುಕನ್ನು ನಾನು ಹೇಳಿದೆ. ಅಕ್ಕನ ಹಾಗೆ. ಹನ್ನೊಂದು ವರ್ಷದ ಹಿಂದಿನ ಅಕ್ಕನ ಹಾಗೆ. ಮೂರನೇ ಟೇಕ್ ಸರಿಹೋಯಿತು. ಅದಕ್ಕೆ ಅವಳ ಹೆಸರು ಕೊಟ್ಟೆ.

ಕಳಿಸುವ ಮೊದಲು ಗಡಿಯಾರಕ್ಕೆ ಕೇಳಿಸಬೇಕಿತ್ತು. ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, ಗಂಟಲು ವಾಪಸ್ ಬಂದೇಬಿಡ್ತಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಕಳಿಸುವ ಬಟನ್ ಒತ್ತಿದೆ.

ಮಾರ್ಚ್ 16, ಭಾನುವಾರ

ಪಾತ್ರ ಮನೆಯಲ್ಲೇ ಉಳಿಯಲಿ ಎಂದು ಮಾಡಿದೆ. ಮೊದಲು ಅಕ್ಕನ ಹೆಸರಿಗೆ ಒಪ್ಪಿಗೆ ಸಿಗಲಿ. ರೆಕಾರ್ಡಿಂಗ್‌ಗೆ ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಅವಳ ಗಂಟಲು ಏರಬಹುದು. ಒಂಬತ್ತು ಜನರ ಕೆಲಸ.

ಇದೆಲ್ಲ ನಿಜ. ಹಾಗಾದರೆ ಅವಳಿಗೆ ಯಾಕೆ ಹೇಳಲಿಲ್ಲ?

ಮಾರ್ಚ್ 24, ಸೋಮವಾರ

ಉತ್ತರ ಬಂತು. ಒಂದೇ ಸಾಲು — "ಒಪ್ಪಿದ್ದೇವೆ. ಅದೇ ಧ್ವನಿ."

ಗಡಿಯಾರ ಫೋನ್ ಮಾಡಿ ಅಕ್ಕನಿಗೆ ತಾವೇ ಹೇಳಿಬಿಟ್ಟರು. ನಾನು ಮನೆಗೆ ಬರುವಷ್ಟರಲ್ಲಿ ಭಾವ ಅಂಗಡಿ ಮುಚ್ಚಿ ಮೇಲೆ ಬಂದಿದ್ದರು. ಮಧ್ಯಾಹ್ನ ಮೂರಕ್ಕೆ. ಮೂವತ್ತು ವರ್ಷದಲ್ಲಿ ಹಾಗೆ ಮುಚ್ಚಿದ್ದು ಎರಡೇ ಸಲವಂತೆ. ಕೇಕ್ ತಂದಿದ್ದರು. ಅಕ್ಕ ತಿನ್ನಲಿಲ್ಲ, ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಕೂತಿದ್ದಳು.

"ನನಗೆ ಕೇಳೋವಾಗ ಕೆಟ್ಟದಾಗೇ ಇತ್ತು. ಹೊರಗಿಂದ ಕೇಳೋರಿಗೆ ಬೇರೆ ಥರ ಕೇಳಿಸುತ್ತೆ ಅಲ್ವಾ?" ಎಂದಳು.

ಹೌದು ಎಂದೆ.

ಬರೆದುಬಿಡುತ್ತೇನೆ, ಇಲ್ಲಾದರೂ ಬರೆಯಬೇಕು. ಆ ಒಂದು ಸಾಲು ಓದಿದಾಗ ನನಗಾದದ್ದು ಭಯವಲ್ಲ, ಸಂತೋಷ. ನನ್ನ ಗಂಟಲನ್ನು ಯಾರೋ ಕೇಳಿ ಒಪ್ಪಿದರು ಎಂಬ ಸಂತೋಷ. ಹನ್ನೊಂದು ವರ್ಷ ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೂಡ ಜನ ಅಕ್ಕನನ್ನು ಹಿಡಿದು ಕ್ಯಾಪ್ಟನ್‌ಳ ಆ ಮಾತು ಹೇಳಿಸಿದ್ದಾರೆ — "ಯಾರೂ ಇಳೀಬೇಡಿ. ಮೊದಲು ನಾನು." ಬರೆದವಳು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದೆ.

ಏಪ್ರಿಲ್ 7, ಸೋಮವಾರ

ಹೇಗೆ ಬರೆಯಲಿ.

ಹತ್ತಕ್ಕೆ ಶುರು. ದೊಡ್ಡ ಬೂತ್. ಕಂಪನಿಯ ಮೇಲ್ವಿಚಾರಕಿ ವಿಡಿಯೋ ಕಾಲ್‌ನಲ್ಲಿ. ಅವರ ಭಾಷೆ ಬೇರೆ, ನಮ್ಮದು ಬೇರೆ, ಆದರೆ ಕಿವಿ ಚುರುಕು. ಅಕ್ಕ ಮೊದಲ ಸಾಲು ಹೇಳಿದಳು. ಎರಡನೆಯದು. ಮೂರನೆಯದಕ್ಕೆ ಮೇಲ್ವಿಚಾರಕಿ ಕೈ ಎತ್ತಿದರು. ಇದು ನಾವು ಒಪ್ಪಿದ ಧ್ವನಿಯಲ್ಲ ಎಂದರು.

ನೆಗಡಿಯಾ ಎಂದು ಕೇಳಿದರು. ಅಕ್ಕ ಇಲ್ಲ ಎಂದಳು. ನೀರು ಕುಡಿದಳು. ಮತ್ತೆ ಹೇಳಿದಳು. ಹನ್ನೊಂದು ಟೇಕ್. ಒಂದೊಂದಕ್ಕೂ ಇನ್ನಷ್ಟು ಒಡೆಯಿತು. ಕೊನೆಗೆ ಗಡಿಯಾರ ಪಾಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನಿಮ್ಮ ಪರೀಕ್ಷೆಯ ಧ್ವನಿಯನ್ನೇ ಒಮ್ಮೆ ಕೇಳಿ, ಹಿಡಿತ ಸಿಗುತ್ತೆ.

ತಡೆಯಬಹುದಿತ್ತು. ಬಾಯಿ ತೆರೆಯಲು ಎರಡು ಸೆಕೆಂಡು ಇತ್ತು. ನನ್ನ ಕೆಲಸವೇ ಬಾಯಿ ತೆರೆಯುವ ಸಮಯ ಅಳೆಯುವುದು.

ಅಕ್ಕ ಹೆಡ್‌ಫೋನ್ ಹಾಕಿಕೊಂಡಳು. ನನ್ನ ಧ್ವನಿ ಅವಳ ಕಿವಿಗೆ ಹೋಯಿತು. ಗಾಜಿನೊಳಗೆ ಅವಳ ಮುಖ ನೋಡಿದೆ. ಮೊದಲು ಅಚ್ಚರಿ. ಆಮೇಲೆ, ಕಳೆದುಹೋದ ವಸ್ತು ಸಿಕ್ಕವರ ಹಾಗೆ ಒಂದು ಬೆಳಕು. ಆಮೇಲೆ ಅದೂ ಹೋಯಿತು.

"ಮೂರು ವಾರದ ಹಿಂದೆ ನಾನು ಇಷ್ಟು ಚೆನ್ನಾಗಿ ಹೇಳಿದ್ನಾ?" ಎಂದು ಕೇಳಿದಳು.

ಹೆಡ್‌ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಪ್ರತಿಯೊಬ್ಬರ ಬಳಿ ಹೋಗಿ ಕ್ಷಮೆ ಕೇಳಿದಳು. ಗಡಿಯಾರದ ಬಳಿ. ಇಂಜಿನಿಯರ್ ಬಳಿ. ಪರದೆಯೊಳಗಿನ ಮೇಲ್ವಿಚಾರಕಿಗೆ ಕೈ ಮುಗಿದಳು. ಕೊನೆಗೆ ನನ್ನ ಬಳಿ ಬಂದು, ನಿನ್ನ ಸ್ಟುಡಿಯೋದಲ್ಲಿ ನಿನ್ನ ಮಾನ ತೆಗೆದೆ, ಕ್ಷಮಿಸು ಎಂದಳು.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಅಡುಗೆಮನೆ ನಿಶ್ಶಬ್ದ.

ಏಪ್ರಿಲ್ 10, ಗುರುವಾರ

ಉಪಾಯ ಹೇಳಿದವಳು ಅಕ್ಕನೇ. ನಿನ್ನೆ ಊಟಕ್ಕೆ ಕೂತಾಗ. ನಮ್ಮಿಬ್ಬರ ಗಂಟಲು ಒಂದೇ, ನೀನು ಹೇಳು, ಉಸಿರು ಎಲ್ಲಿ ತಗೋಬೇಕು ಅಂತ ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ ಎಂದಳು. ಬೇಡ ಎಂದೆ. ಎರಡು ಸಲ ಬೇಡ ಎಂದೆ. ಮೂರನೇ ಸಲ ಹೇಳಲಿಲ್ಲ.

ಇವತ್ತು ಗಡಿಯಾರದ ಮುಂದೆ ನಾಲ್ಕು ಸಾಲು ಹೇಳಿದೆ. ಅವರು ಕುಣಿಯುವುದೊಂದು ಬಾಕಿ. ಮೇಲ್ವಿಚಾರಕಿ ತಕ್ಷಣ ಒಪ್ಪಿದರು. ಇಂಜಿನಿಯರ್ ಮಾತ್ರ ನನ್ನನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಆಮೇಲೆ ತನ್ನ ಪರದೆಗೆ ತಿರುಗಿದ.

ಅಕ್ಕ ಬೂತಿನೊಳಗೆ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ನನ್ನ ಬೆನ್ನಿನ ಮೇಲೆ ಅವಳ ಅಂಗೈ. ಉಸಿರು ತೆಗೆದುಕೊಳ್ಳಬೇಕಾದಲ್ಲಿ ಒತ್ತುತ್ತಾಳೆ, ಬಿಡಬೇಕಾದಲ್ಲಿ ಸಡಿಲಿಸುತ್ತಾಳೆ. ಚಿಕ್ಕಂದಿನಲ್ಲಿ ಈಜು ಕಲಿಸಿದ್ದೂ ಹೀಗೇ.

ಏಪ್ರಿಲ್ 29, ಮಂಗಳವಾರ

ಮುಗಿಯಿತು. ಕ್ಯಾಪ್ಟನ್‌ಳ 412 ಸಾಲು. ಹದಿಮೂರು ದಿನ ಆ ಅಂಗೈ ಬೆನ್ನ ಮೇಲಿತ್ತು.

ಥೆರಪಿಸ್ಟ್ ಕಡೆಯಿಂದ ಮೂರು ಸಲ ಫೋನ್ ಬಂದಿದೆಯೆಂದು ಭಾವ ಹೇಳಿದರು. ಅಕ್ಕ ಹೋಗುತ್ತಿಲ್ಲ. ಮನೆಯಲ್ಲೂ ಅಭ್ಯಾಸ ನಿಲ್ಲಿಸಿದ್ದಾಳೆ. ಇಳಿಯುತ್ತಲೇ ಇರುವ ಗಂಟಲಿಗೆ ಏನು ಅಭ್ಯಾಸ ಎಂದಳಂತೆ. ಫೋನ್ ಬಂದರೆ ಭಾವನ ಕೈಗೆ ಕೊಡುತ್ತಾಳೆ. ಅಂಗಡಿಗೆ ಹೋದರೆ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ.

ಹೋಗು ಅಕ್ಕ ಎಂದೆ. ಮತ್ತೇನು ಹೇಳಬಲ್ಲೆ. ಹೇಳಬಲ್ಲ ಒಂದೇ ಒಂದು ಮಾತು ಇತ್ತು.

ಜೂನ್ 20, ಶುಕ್ರವಾರ

ಬಿಡುಗಡೆ. ಮೂವರೂ ಬೆಳಗಿನ ಆಟಕ್ಕೆ ಹೋದೆವು. ಭಾವ ಹೊಸ ಕನ್ನಡಕ ಹಾಕಿದ್ದರು, ಈ ಸಿನಿಮಾಕ್ಕೆಂದೇ. ಕಪ್ಪು ಪರದೆಯ ಬಾಯಿಗಳಿಗೆಲ್ಲ ಇವತ್ತು ಮುಖ ಬಂತು. ಉಪ್ಪಿನ ಬಯಲು, ಹಸಿರು ಆಕಾಶ, ಅರ್ಧ ಹೂತ ಹಡಗು. ಕ್ಯಾಪ್ಟನ್ ಹೆಲ್ಮೆಟ್ ತೆಗೆದಾಗ ಜನ ಚಪ್ಪಾಳೆ ತಟ್ಟಿದರು. ಮುಖ ಸುಕ್ಕಾಗಿದೆ, ತುಟಿ ಒಡೆದಿದೆ. ಅದರೊಳಗಿಂದ ನನ್ನ ಧ್ವನಿ, ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ.

ಕೊನೆಯಲ್ಲಿ ಹೆಸರುಗಳು. ಧ್ವನಿಯ ಎದುರು ನನ್ನ ಹೆಸರು. ಅಕ್ಕನೇ ಹಟ ಹಿಡಿದು ಹಾಕಿಸಿದ್ದು. ಜನ ಎದ್ದು ಹೋಗುತ್ತಿದ್ದರು. ಅಕ್ಕ ನನ್ನ ಮೊಣಕೈ ಹಿಡಿದು, ಆ ಸಾಲು ಮೇಲೆ ಹೋಗುವವರೆಗೆ ನನ್ನನ್ನು ಕೂರಿಸಿದಳು.

ಸೀಟಿನ ಕೆಳಗೆ ಹೋಗಿ ಅವಿತುಕೊಳ್ಳುವ ಹಾಗಾಯಿತು.

ಜುಲೈ 3, ಗುರುವಾರ

ಪತ್ರಿಕೆಯಲ್ಲಿ ನನ್ನ ಫೋಟೋ. ಭಾವ ಕತ್ತರಿಸಿ ಅಂಗಡಿಯ ಕನ್ನಡಿಯ ಪಕ್ಕ ಹಚ್ಚಿದ್ದಾರೆ. ಮೆಟ್ಟಿಲಿಗೆ ಈಗ ಹಿಂದಿನ ಬಾಗಿಲಿನಿಂದ ಹೋಗುತ್ತೇನೆ.

ಆಗಸ್ಟ್ 12, ಮಂಗಳವಾರ

ಮೂರನೇ ಭಾಗಕ್ಕೆ ಕಂಪನಿಯ ಪತ್ರ. ಕಥೆ ಮೂವತ್ತು ವರ್ಷ ಮುಂದೆ ಹೋಗುತ್ತದೆ. ಕ್ಯಾಪ್ಟನ್ ಮುದುಕಿ. ಎಲ್ಲ ಭಾಷೆಯವರೂ ಸವೆದ, ಒಡೆದ ಧ್ವನಿಯ ಮಾದರಿ ಕಳಿಸಬೇಕಂತೆ. ಬೇಕಾದರೆ ಧ್ವನಿ ಬದಲಾಯಿಸಲೂ ಅಡ್ಡಿಯಿಲ್ಲವಂತೆ. ಗಡಿಯಾರ ಹಳೆಯ ಫೈಲುಗಳನ್ನೆಲ್ಲ ಜಾಲಾಡಲು ಇಂಜಿನಿಯರ್‌ಗೆ ಹೇಳಿದರು.

ಊಟದ ಹೊತ್ತಿಗೆ ಇಂಜಿನಿಯರ್ ನನ್ನನ್ನು ಒಳಗೆ ಕರೆದ. ಬಾಗಿಲು ಹಾಕಿದ. ಸಣ್ಣ ಬೂತಿನ ಮೆಷಿನ್‌ನಲ್ಲಿ ಸಿಕ್ಕ ಫೈಲ್ ಹಾಕಿದ. ಮಾರ್ಚ್ 14.

ಅಕ್ಕನ ರೇಡಿಯೋ ಮಾತು. ಅವತ್ತು ಹಾಳೆ ನೋಡುತ್ತಾ ಕೂತವಳು ಇವತ್ತು ಕೇಳಿದೆ. ಸತ್ತವನೊಂದಿಗೆ ಮಾತಾಡುತ್ತಾ ಮಾತಾಡುತ್ತಾ ಉಸಿರು ಮುಗಿಯುತ್ತದೆ. ಖಾಲಿ. ಆ ಖಾಲಿಯೊಳಗೆ ಅವಳು ನಿಂತಿರುವುದು ಕೇಳಿಸುತ್ತದೆ. ಆಮೇಲೆ ನಾಲ್ಕು ಪದ. ನಾನು ಬರೆದ ಪದಗಳೇ ಅವು, ಆದರೆ ಅವುಗಳ ಅರ್ಥ ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಹನ್ನೊಂದು ವರ್ಷ ಉಪ್ಪು ತಿಂದೋಳು ಹೀಗಲ್ಲದೆ ಹೇಗೆ ಮಾತಾಡ್ತಾಳೆ? ಎರಡನೇ ಭಾಗಕ್ಕೂ ಇದೇ ಬೇಕಿತ್ತು. ಇದನ್ನ ಯಾಕೆ ಕಳಿಸ್ಲಿಲ್ಲ?" ಎಂದ.

ಅವನು ಹದಿನೈದನೇ ತಾರೀಖಿನ ಫೈಲಿನ ಮೇಲೆ ಬೆರಳಿಟ್ಟ. ಬೆಳಿಗ್ಗೆ 8.20. ಆ ಹೊತ್ತಿಗೆ ಸ್ಟುಡಿಯೋದ ಬೀಗ ತೆಗೆದದ್ದು ನನ್ನ ಕಾರ್ಡ್.

ಯಾರಿಗೂ ಹೇಳುವುದಿಲ್ಲ ಎಂದ. ಹೇಳಿದ್ದರೆ ಹಗುರವಾಗುತ್ತಿತ್ತು.

ಆಗಸ್ಟ್ 14, ಗುರುವಾರ

ಹೇಳಲು ಅವಳ ಕೋಣೆಯವರೆಗೆ ಹೋದೆ. ಬಟ್ಟೆ ಮಡಿಸುತ್ತಿದ್ದಳು. ನನ್ನ ಬಟ್ಟೆ. ವಾಪಸ್ ಬಂದೆ.

ಆಗಸ್ಟ್ 16, ಶನಿವಾರ

ಹೇಳಿದೆ.

ಬೆಳಿಗ್ಗೆ ಹತ್ತೂವರೆ. ಭಾವ ಅಂಗಡಿಯಲ್ಲಿ. ಅಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಿಂತೇ ಹೇಳಿದೆ, ಒಂದೇ ಉಸಿರಿಗೆ — ಕಳಿಸಿದ್ದು ನಿನ್ನ ಫೈಲ್ ಅಲ್ಲ, ನನ್ನದು, ನಿನ್ನ ಹೆಸರಿನಲ್ಲಿ. ಅವತ್ತು ಹೆಡ್‌ಫೋನಿನಲ್ಲಿ ಕೇಳಿದ್ದು ನೀನಲ್ಲ, ನಾನು. ನಿನ್ನ ಗಂಟಲು ಮೂರು ವಾರದಲ್ಲಿ ಇಳಿಯಲಿಲ್ಲ. ಇಳಿದೇ ಇರಲಿಲ್ಲ.

ಚಾಕು ನಿಂತಿತು. ಅರ್ಧ ಸಿಪ್ಪೆ ಜೋತಾಡುತ್ತಿತ್ತು.

ಆಲೂಗಡ್ಡೆಯನ್ನೇ ನೋಡುತ್ತಾ ಹೇಳಿದಳು. "ಅವತ್ತು ಕೇಳಿದಾಗ ಒಂದು ಕ್ಷಣ ಅನುಮಾನ ಬಂತು. ನಿನ್ನ ಮೇಲಲ್ಲ. ನನ್ನ ಕಿವಿ ಮೇಲೆ."

ಸ್ಟುಡಿಯೋ ಕೈತಪ್ಪಿ ಹೋಗುತ್ತಿತ್ತು, ಒಂಬತ್ತು ಜನ ಎಂದೆಲ್ಲ ಶುರು ಮಾಡಿದೆ. ಚಾಕು ಹಿಡಿದ ಕೈಯನ್ನು ಸ್ವಲ್ಪ ಎತ್ತಿದಳು. ನಿಲ್ಲಿಸಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಒಪ್ಪಿಗೆ ಬಂದಾಗ ಸಂತೋಷವಾಯಿತು ಎಂದು. ನಿನ್ನ ಪಕ್ಕ ಚೀಲ ಹಿಡಿದು ನಿಂತು ಸಾಕಾಗಿತ್ತು ಎಂದು.

"ಕೇಳಿದ್ರೆ ಕೊಡ್ತಿದ್ದೆ," ಎಂದಳು.

ಅಷ್ಟೇ. ಆಲೂಗಡ್ಡೆಯ ಉಳಿದರ್ಧ ಸಿಪ್ಪೆಯನ್ನು ತೆಗೆದಳು. ನಾನು ಬೈಗುಳಕ್ಕೆ ಕಾದು ನಿಂತೆ. ಬೈಯಲು ಬೇಕಾಗುವಷ್ಟು ಧ್ವನಿ ಅವಳಲ್ಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಆಗಸ್ಟ್ 18, ಸೋಮವಾರ

ಗಡಿಯಾರಕ್ಕೂ ಹೇಳಿದೆ. ಎಲ್ಲ ಕೇಳುವವರೆಗೆ ಅವರು ಒಮ್ಮೆಯೂ ಕೈಗಡಿಯಾರ ನೋಡಲಿಲ್ಲ. ಕೋಪಕ್ಕಿಂತ ಹೆಚ್ಚು, ಮೋಸಹೋದ ಮುಖ. ತಾನೇ ಅವಳಿಗೆ ಅದನ್ನು ಕೇಳಿಸಿದೆನಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಆಮೇಲೆ ಒಂದು ಹಾಳೆ ಕೊಟ್ಟು ನಡೆದದ್ದನ್ನು ಬರೆಯಲು ಹೇಳಿದರು, ಸಹಿ ಸಮೇತ. ಮಾತು ಬರೆಯುವ ಕೆಲಸ ಮಾಡು, ಫೈಲುಗಳನ್ನು ಮುಟ್ಟಬೇಡ, ಮೈಕಿನ ಮುಂದೆ ಕೂರಬೇಡ ಎಂದರು. ನ್ಯಾಯ.

ಮಾರ್ಚ್ 14ರ ಫೈಲನ್ನು, ನನ್ನ ಹಾಳೆಯ ಜೊತೆ, ಕಂಪನಿಗೆ ಅವರೇ ಕಳಿಸಿದರು.

ಆಗಸ್ಟ್ 27, ಬುಧವಾರ

ಅಕ್ಕ ಮಾತಾಡುವುದಿಲ್ಲ. ಬಿಟ್ಟೇಬಿಟ್ಟಿದ್ದಾಳೆ ಎಂದಲ್ಲ. ತಟ್ಟೆ ತೆಗಿ, ಬಾಗಿಲು ಹಾಕು, ಇಂಥವು. ಭಾವನಿಗೆ ಹೇಳಿಲ್ಲ ಎಂದು ಇವತ್ತು ಖಚಿತವಾಯಿತು. ಕೆಳಗೆ ಗಿರಾಕಿಗೆ ನನ್ನ ಫೋಟೋ ತೋರಿಸುತ್ತಾ, ಮನೆಯಲ್ಲೇ ಎರಡು ಕ್ಯಾಪ್ಟನ್ ಎಂದು ನಗಿಸುತ್ತಿದ್ದರು. ಅಕ್ಕ ಅವರಿಗೆ ಚಹಾ ಕೊಡಲು ಇಳಿದು, ಪಕ್ಕದಲ್ಲಿ ನಿಂತು, ಕೇಳಿಸಿಕೊಂಡು ಮೇಲೆ ಬಂದಳು. ನನ್ನ ಮಾನ ಕಾಯುತ್ತಿದ್ದಾಳೆ. ಅದನ್ನು ಹೊರಲಾರೆ.

ಸೆಪ್ಟೆಂಬರ್ 1, ಸೋಮವಾರ

ಕಂಪನಿಯ ಉತ್ತರ. ಮೂರನೇ ಭಾಗಕ್ಕೆ ಈ ಧ್ವನಿಯೇ ಬೇಕು. ಯಾರಿವರು, ಮೊದಲೇ ಯಾಕೆ ಕಳಿಸಲಿಲ್ಲ ಎಂದು ಮೇಲ್ವಿಚಾರಕಿ ಕೇಳಿದ್ದಾರೆ. ನನ್ನ ಹಾಳೆಯನ್ನು ಓದಿಲ್ಲ, ಇಲ್ಲವೇ ಓದಿದ ಮೇಲೂ ಕೇಳಿದ್ದಾರೆ.

ಗಡಿಯಾರ ಮನೆಗೆ ಬಂದು ಅಕ್ಕನಿಗೆ ಹೇಳಿದರು. ನಾನು ನನ್ನ ಕೋಣೆಯಲ್ಲೇ ಇದ್ದೆ. ಯೋಚನೆ ಮಾಡಿ ಹೇಳ್ತೀನಿ ಎಂದಳಂತೆ. ಅವರು ಹೋದ ಮೇಲೆ ಅವಳ ಕೋಣೆಯಿಂದ, ಅವರು ಕೊಟ್ಟುಹೋದ ಫೈಲಿನ ರೇಡಿಯೋ ಮಾತು ಕೇಳಿಸಿತು. ಒಮ್ಮೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ.

ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. ಸರಿಹೋಗುತ್ತದೆ, ನಾನು ಕೆಡಿಸಿದ್ದು ಮೂರನೇ ಭಾಗದಲ್ಲಿ ಸರಿಹೋಗುತ್ತದೆ ಎಂದುಕೊಂಡೆ.

ಸೆಪ್ಟೆಂಬರ್ 9, ಮಂಗಳವಾರ, ಬೆಳಿಗ್ಗೆ 8

ಭಾವ ತಿಂಡಿಯ ಹೊತ್ತಿನಲ್ಲಿ ಫೋನ್ ನೋಡಿ ಓದಿದರು. ಎರಡನೇ ಭಾಗ ಎಣಿಸಿದಷ್ಟು ಓಡಲಿಲ್ಲ. ಮೂರು, ನಾಲ್ಕು, ಐದು — ಮೂರನ್ನೂ ತಡೆಹಿಡಿದಿದ್ದಾರೆ. ಹೊಸ ತಾರೀಖು ಇಲ್ಲ. ಮೂರನೆಯದರ ಅರ್ಧ ಚಿತ್ರೀಕರಣ ಮುಗಿದಿದ್ದರೂ.

ಅಕ್ಕ ಚಮಚ ಕೆಳಗಿಟ್ಟಳು. ಮೊದಲ ಸಲ, ಇಪ್ಪತ್ತನಾಲ್ಕು ದಿನದಲ್ಲಿ ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬರೆಯುತ್ತಿದ್ದೆ.

ಭಾವ ಎದ್ದು ಫ್ರಿಜ್ಜಿನ ಪಟ್ಟಿ ತೆಗೆದು ನಾಲ್ಕಾಗಿ ಮಡಿಸಿದರು. ಎಸೆಯಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡು ಕೆಳಗೆ ಹೋದರು.

ಸೆಪ್ಟೆಂಬರ್ 12, ಶುಕ್ರವಾರ

ಭಾವನಿಗೆ ನಾನೇ ಹೇಳಿದೆ. ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತು ನೋಡಿ. ಅವರು ಒಂದು ಮಸೂರ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು. ಕೊನೆಗೆ ಎದ್ದು ಹೋಗಿ ಕನ್ನಡಿಯ ಪಕ್ಕದ ಫೋಟೋ ತೆಗೆದರು. ಹರಿಯಲಿಲ್ಲ. ಅಂಟಿನ ಗುರುತನ್ನು ಉಗುರಿನಿಂದ ಕೆರೆದು ಕೆರೆದು ತೆಗೆದರು.

"ಐದು ತಿಂಗಳು ಅವಳು ನನ್ನ ಹತ್ರಾನೂ ಮಾತಾಡಿಲ್ಲ. ಮುದುಕಿ ಆದ್ಲು ಅನ್ಕೊಂಡಿದ್ದೆ," ಎಂದರು.

ಮನೆ ಬಿಟ್ಟು ಹೋಗುತ್ತೇನೆ ಎಂದೆ. ಅದನ್ನ ಅವಳು ಹೇಳಲಿ, ನೀನು ಹೇಳಬೇಡ ಎಂದರು.

ಸೆಪ್ಟೆಂಬರ್ 18, ಗುರುವಾರ, ಬೆಳಿಗ್ಗೆ 10.40

ಸ್ಪೀಚ್ ಥೆರಪಿಸ್ಟ್ ಬಳಿಯ ಕಾಯುವ ಕೋಣೆ. ಆರು ಕುರ್ಚಿ, ಒಂದು ಮೀನಿನ ತೊಟ್ಟಿ. ಎದುರಿನ ಕುರ್ಚಿಯಲ್ಲಿ ಒಬ್ಬ ಮೇಷ್ಟ್ರು, ಪಾಟಿಯ ಮೇಲೆ ಬರೆದು ತನ್ನ ಸರದಿ ಕೇಳುತ್ತಿದ್ದಾರೆ.

ನಿನ್ನೆ ಸಂಜೆ ಅಕ್ಕ ನನ್ನ ಕೋಣೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಆಪರೇಷನ್ ಆಗಿ ಹದಿನಾರು ತಿಂಗಳು, ಇನ್ನು ಉಳಿದದ್ದು ಎರಡು, ನಾಳೆ ಥೆರಪಿಗೆ ಹೋಗ್ತಿದ್ದೀನಿ, ನೀನೂ ಬಾ ಎಂದಳು. ಗಂಟಲು ಸರಿಮಾಡ್ಕೊಳ್ಳೋದು ಸಿನಿಮಾಕ್ಕಾ ಎಂದು ದಡ್ಡಿಯ ಹಾಗೆ ಕೇಳಿದೆ. ಸಿನಿಮಾ ಎಲ್ಲಿದೆ, ಫೋನ್ ಎತ್ಕೊಂಡು ಹಲೋ ಅನ್ನೋಕೆ ಎಂದಳು.

ಬಸ್ಸಿನಲ್ಲಿ ಒಂದು ಸೀಟು ಬಿಟ್ಟು ಕೂತಳು. ಇಲ್ಲಿ ಬಂದ ಮೇಲೆ ಪಕ್ಕದಲ್ಲಿ ಕೂತು, ಮೀನು ನೋಡುತ್ತಾ, ಅಗತ್ಯಕ್ಕಿಂತ ಒಂದು ಪದವೂ ಹೆಚ್ಚಿಲ್ಲದೆ ಹೇಳಿದಳು.

"ಐದು ತಿಂಗಳು ಯಾಕೆ ಬಿಟ್ರಿ ಅಂತ ಕೇಳ್ತಾರೆ. ನಾನು ಸುಳ್ಳು ಹೇಳಲ್ಲ. ನಿಜ ಹೇಳೋಕೆ ನನ್ನ ಹತ್ರ ಗಂಟಲಿಲ್ಲ. ನೀನು ಹೇಳು."

ಎಲ್ಲವನ್ನೂ? ಎಂದೆ.

ಎಲ್ಲವನ್ನೂ ಎಂದು ತಲೆಯಾಡಿಸಿದಳು.

ಆ ತಿಂಗಳುಗಳು ವಾಪಸ್ ಬರುತ್ತವೋ ಇಲ್ಲವೋ ಒಳಗಿನವರು ಹೇಳುತ್ತಾರೆ. ನನ್ನ ಮುಂದೆಯೇ ಹೇಳುತ್ತಾರೆ. ಅದಕ್ಕೇ ಕರೆತಂದಿದ್ದಾಳೆ. ಅಥವಾ ಅದಕ್ಕಲ್ಲ. ಗೊತ್ತಿಲ್ಲ.

ಊರವರ ಬಾಯಿಗೆಲ್ಲ ಮಾತು ಬರೆದುಕೊಟ್ಟವಳು. ನನ್ನ ಮೊದಲ ವಾಕ್ಯವನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದ್ದೇನೆ. ಮೇಷ್ಟ್ರು ಹೊರಗೆ ಬಂದರು. ಅಕ್ಕನ ಹೆಸರು ಕರೆಯುತ್ತಿದ್ದಾರೆ. ಎದ್ದಳು. ಇಷ್ಟು ಸಾಕು, ಇಲ್ಲಿಂದ ಶುರು ಮಾಡುತ್ತೇನೆ — ಡಾಕ್ಟ್ರೇ, ಅವಳಾಗಿ ಬಿಟ್ಟಿದ್ದಲ್ಲ, ನಾನು